ನಿಂತು ಓದುವವರಿಗೆ ಬರೆಯುವ ಮೆಮೊ

ಮಳೆಗಾಲದಲ್ಲಿ ಮುಂಬೈಯಲ್ಲಿ ದುಡಿಯುವವರಿಗೆಲ್ಲ ಈ ಸುತ್ತೋಲೆಯ ಪರಿಚಯವಿರುತ್ತದೆ. ಸಂಜೆ ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಡುತ್ತದೆ, ರಾತ್ರಿ ಊಟದ ಹೊತ್ತಿಗೆ ಕಚೇರಿಯಿಂದ ಮೊಬೈಲಿಗೆ ಒಂದು ಪಿಡಿಎಫ್ ಬಂದು ಬೀಳುತ್ತದೆ. ಕೆಲವು ವರ್ಷಗಳ ಹಿಂದೆ ನಮಗೆ ಬಂದದ್ದು ಒಂದೂವರೆ ಪುಟದಷ್ಟಿತ್ತು. ನಗರದಲ್ಲಿ ಸುರಿಯುತ್ತಿರುವ ಮಳೆಯ ವಿಚಾರ ಮೊದಲ ಪ್ಯಾರಾದಲ್ಲಿ, ಸಿಬ್ಬಂದಿಯ ಸುರಕ್ಷತೆಗೆ ಸಂಸ್ಥೆ ಕೊಡುವ ಮಹತ್ವ ಎರಡನೆಯದರಲ್ಲಿ, ಗ್ರಾಹಕರ ಸೇವೆಗೆ ಅಡಚಣೆಯಾಗಬಾರದೆಂಬ ಕಳಕಳಿ ಮೂರನೆಯದರಲ್ಲಿ. ಎರಡನೇ ಪುಟದ ನಡುವೆ ಎಲ್ಲೋ ಒಂದು ಕಡೆ, ಅಗತ್ಯ ಸಿಬ್ಬಂದಿಯನ್ನು ಹೊರತುಪಡಿಸಿ ಉಳಿದವರು ಪರಿಸ್ಥಿತಿಯನ್ನು ಅವಲೋಕಿಸಿ ಸೂಕ್ತ ನಿರ್ಧಾರ ತೆಗೆದುಕೊಳ್ಳಬಹುದು ಎಂಬ ವಾಕ್ಯ. ಅಗತ್ಯ ಸಿಬ್ಬಂದಿ ಯಾರು ಎಂಬುದು ಎಲ್ಲಿಯೂ ಇರಲಿಲ್ಲ. ಓದಿ ಮುಗಿಸುವಷ್ಟರಲ್ಲಿ ಪ್ಯಾಕಿಂಗ್ ವಿಭಾಗದ ಒಬ್ಬಳು ಫೋನ್ ಮಾಡಿದಳು. ಕಲಬುರಗಿ ಕಡೆಯಿಂದ ಬಂದು ಚುನಾಭಟ್ಟಿಯಲ್ಲಿ ಸಂಸಾರ ಹೂಡಿದವಳು. "ಅಕ್ಕ, ಇದರಲ್ಲಿ ಏನು ಬರೆದಿದ್ದಾರೆ? ನಾಳೆ ಬರಬೇಕೋ ಬೇಡವೋ? ಬರದಿದ್ದರೆ ಪಗಾರ ಹಿಡಿಯುತ್ತಾರೋ?"

ನಾನು ಮತ್ತೊಮ್ಮೆ ಮೊದಲಿನಿಂದ ಓದಿದೆ. ಅವಳು ಕೇಳಿದ ಯಾವುದಕ್ಕೂ ಅದರಲ್ಲಿ ಉತ್ತರವಿರಲಿಲ್ಲ. ಒಂದು ದಿನದ ಪಗಾರ ಬಿಡುವ ಸ್ಥಿತಿಯಲ್ಲಿ ಅವಳೂ ಇರಲಿಲ್ಲ. ಬೆಳಿಗ್ಗೆ ಹೊರಟೇಬಿಟ್ಟಳು. ಕುರ್ಲಾ ಮುಟ್ಟುವ ಮೊದಲೇ ಹಳಿಯ ಮೇಲೆ ನೀರು ಏರಿ ಲೋಕಲ್ ನಿಂತಿತು. ಡಬ್ಬಿಯಲ್ಲಿದ್ದ ಇತರ ಹೆಂಗಸರೊಂದಿಗೆ ಕೆಳಗಿಳಿದು, ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನೀರಿನಲ್ಲಿ ಹಳಿಗುಂಟ ನಡೆದು, ಮಧ್ಯಾಹ್ನ ಹೇಗೋ ಮನೆ ಸೇರಿದಳು. ತುರ್ಭೆಯಲ್ಲಿರುವ ನಮ್ಮ ಗೋದಾಮಿನ ಬಾಗಿಲು ಅಂದು ತೆರೆಯಲೇ ಇಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಕಂಡ ಊರಿದು. ಇಲ್ಲಿ ಮಳೆಯ ಸುತ್ತೋಲೆಯನ್ನು ಯಾರೂ ಹಗುರವಾಗಿ ಓದುವುದಿಲ್ಲ. ಹಾಗಿರುವಾಗ ಅದನ್ನು ಹಗುರವಾಗಿ ಬರೆಯುವುದು ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆ ನನ್ನನ್ನು ಅಂದಿನಿಂದ ಬಿಟ್ಟಿಲ್ಲ.

ವಿಚಾರಿಸಿದಾಗ ತಿಳಿದದ್ದು ಇಷ್ಟು. ಬರದವರಿಗೆ ರಜೆ ಹಾಕಬೇಕೋ ಪೂರ್ಣ ವೇತನ ಕೊಡಬೇಕೋ ಎಂಬುದು ಆ ರಾತ್ರಿ ತೀರ್ಮಾನವಾಗಿರಲೇ ಇಲ್ಲ. ಲೆಕ್ಕಪತ್ರದವರು ಒಂದು ಹೇಳಿದರು, ಆಡಳಿತದವರು ಇನ್ನೊಂದು ಹೇಳಿದರು, ಸುತ್ತೋಲೆ ಮಾತ್ರ ಹೊರಡಲೇಬೇಕಿತ್ತು. ಹಾಗಾಗಿ ಬರೆದವರು ನಿರ್ಧಾರ ಇರಬೇಕಾದ ಜಾಗವನ್ನು ಮಾತಿನಿಂದ ತುಂಬಿದರು. ಅದಾದ ಮೇಲೆ ಎಷ್ಟೋ ಉದ್ದನೆಯ ಮೆಮೊಗಳನ್ನು ಈ ಕಣ್ಣಿನಿಂದಲೇ ನೋಡಿದ್ದೇನೆ. ಬಹುಪಾಲು ಸಂದರ್ಭಗಳಲ್ಲಿ ಬರೆದವರಿಗೆ ಭಾಷೆ ಬರುತ್ತಿರಲಿಲ್ಲ ಎಂದೇನಲ್ಲ. ಏನು ಹೇಳಬೇಕೆಂಬುದು ಅವರ ಮೇಲಿನವರಲ್ಲಿ ಗಟ್ಟಿಯಾಗಿರಲಿಲ್ಲ. ಆ ಅನಿಶ್ಚಯದ ಬೆಲೆಯನ್ನು ತೆತ್ತವರು ಮಾತ್ರ ಎಲ್ಲರಿಗಿಂತ ಕೆಳಗಿನ ಮೆಟ್ಟಿಲಲ್ಲಿ ನಿಂತವರು.

ಅದೇ ಸಂಜೆಯ ಹವಾಮಾನ ಇಲಾಖೆಯ ಎಚ್ಚರಿಕೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಇಲಾಖೆ ಬಳಸುವ ಬಣ್ಣಗಳು ನಾಲ್ಕು. ಹಸಿರಾದರೆ ಮಾಡಬೇಕಾದದ್ದು ಏನೂ ಇಲ್ಲ, ಹಳದಿಯಾದರೆ ಗಮನವಿಟ್ಟಿರಿ, ಕಿತ್ತಳೆಯಾದರೆ ಸಿದ್ಧರಾಗಿರಿ, ಕೆಂಪಾದರೆ ಕ್ರಮ ಕೈಗೊಳ್ಳಿ. ಇಪ್ಪತ್ತನಾಲ್ಕು ಗಂಟೆಗಳಲ್ಲಿ 204.4 ಮಿಲಿಮೀಟರಿಗಿಂತ ಹೆಚ್ಚು ಸುರಿದರೆ ಅದು ಅತ್ಯಂತ ಭಾರಿ ಮಳೆ ಎಂಬ ಲೆಕ್ಕವೂ ಆ ವ್ಯವಸ್ಥೆಯೊಳಗಿದೆ, ಬೇಕಾದವರು ಹುಡುಕಿಕೊಳ್ಳಬಹುದು. ಆದರೆ ಮನೆಯ ಹೊಸ್ತಿಲಲ್ಲಿ ಕೊಡೆ ಹಿಡಿದು ನಿಂತವನಿಗೆ ಮೊದಲು ತಲುಪುವುದು ಮಾಡಬೇಕಾದ ಕೆಲಸ. ವಿಜ್ಞಾನಿಗಳು ತಮ್ಮ ಅಷ್ಟೂ ತಿಳಿವಳಿಕೆಯನ್ನು ಹಿಂದಕ್ಕೆ ಸರಿಸಿ ಓದುಗನ ಕೆಲಸವನ್ನು ಮುಂದಕ್ಕೆ ತಂದಿದ್ದಾರೆ. ಒಂದು ಗೋದಾಮಿನ ಆಡಳಿತ ವಿಭಾಗಕ್ಕೆ ಇದು ಅಸಾಧ್ಯವಾಗಬೇಕಿಲ್ಲ.

ಬಲ್ಲಾರ್ಡ್ ಎಸ್ಟೇಟಿನಲ್ಲಿ ಕಲಿತದ್ದು

ಮೆಮೊ ಬರೆಯುವುದನ್ನು ನನಗೆ ಕಲಿಸಿದವರು ಬಲ್ಲಾರ್ಡ್ ಎಸ್ಟೇಟಿನಲ್ಲಿ, ಬಂದರಿನಿಂದ ಸರಕು ಬಿಡಿಸಿಕೊಡುವ ಒಂದು ಸಣ್ಣ ಕ್ಲಿಯರಿಂಗ್ ಏಜೆಂಟರ ಕಚೇರಿಯ ವ್ಯವಸ್ಥಾಪಕರು. ಕಾರ್ಕಳದ ಕಡೆಯವರು. ಹುಡುಗರಾಗಿದ್ದಾಗ ಮುಂಬೈಗೆ ಬಂದು, ಹಗಲು ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಆಮೇಲೆ ಟೈಪಿಂಗ್ ಮತ್ತು ಶೀಘ್ರಲಿಪಿ ಕಲಿತು ಕಚೇರಿಯ ಕುರ್ಚಿಗೆ ಬಂದ ಪೀಳಿಗೆಯವರು. ಮುಂಬೈ ಕನ್ನಡಿಗರಲ್ಲಿ ಇಂಥವರ ಕಥೆ ಮನೆಮನೆಗೂ ಗೊತ್ತಿರುವುದರಿಂದ ಬೆಳೆಸುವುದಿಲ್ಲ. ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ಮಾಲೀಕರೂ ಹಾಗೆಯೇ ಕರೆಯುತ್ತಿದ್ದರು.

ನಾನು ಸೇರಿದಾಗ ಕಚೇರಿಯಲ್ಲಿ ಕಂಪ್ಯೂಟರ್ ಆಗಷ್ಟೇ ಬಂದಿತ್ತು, ಪ್ರತಿಗಳನ್ನು ತೆಗೆಯುವ ಸೈಕ್ಲೋಸ್ಟೈಲ್ ಯಂತ್ರ ಇನ್ನೂ ಮೂಲೆಯಲ್ಲಿತ್ತು. ಸ್ಟೆನ್ಸಿಲ್ ಹಾಳೆಯಲ್ಲಿ ಒಂದು ಅಕ್ಷರ ತಪ್ಪಿದರೆ ಕೆಂಪು ದ್ರವ ಹಚ್ಚಿ, ಒಣಗಲು ಕಾದು, ಅದೇ ಜಾಗಕ್ಕೆ ಕೀಲಿ ಕೂಡಿಸಿ ಮತ್ತೆ ಹೊಡೆಯಬೇಕಿತ್ತು. ಒಂದು ಪ್ಯಾರಾ ಹೆಚ್ಚು ಬರೆದರೆ ಅದರ ಶ್ರಮ ಬೆರಳಿಗೆ ತಾಗುತ್ತಿತ್ತು. ಅಣ್ಣನ ಶಿಸ್ತು ಆ ಯಂತ್ರದ ಶಿಸ್ತೇ ಎಂದು ನಾನು ಮೊದಲು ಭಾವಿಸಿದ್ದೆ. ಕಂಪ್ಯೂಟರಿನಲ್ಲಿ ಎಷ್ಟು ಬೇಕಾದರೂ ಅಳಿಸಬಹುದು ಎಂದಾದ ಮೇಲೂ ಅವರು ಬದಲಾಗಲಿಲ್ಲ.

ಒಂದು ದಿನದ ಘಟನೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಒಬ್ಬ ಗ್ರಾಹಕರ ಯಂತ್ರದ ಬಿಡಿಭಾಗಗಳು ಬಂದರಿನಲ್ಲಿ ನಿಂತಿದ್ದವು. ಉಚಿತವಾಗಿ ಇಡಬಹುದಾದ ಅವಧಿ ಅಂದಿಗೆ ಮುಗಿಯುತ್ತಿತ್ತು. ಮರುದಿನದಿಂದ ಡೆಮರೇಜ್, ಅಂದರೆ ತಡವಾದದ್ದಕ್ಕೆ ತೆರುವ ಶುಲ್ಕ, ಏರತೊಡಗುತ್ತದೆ. ಸುಂಕ ಕಟ್ಟಲು ಪೇ ಆರ್ಡರ್ ಬೇಕು, ಪೇ ಆರ್ಡರಿಗೆ ಮಾಲೀಕರ ಸಹಿಯಿರುವ ಚೆಕ್ ಬೇಕು, ಬ್ಯಾಂಕಿನ ಕೌಂಟರ್ ಎರಡು ಗಂಟೆಗೆ ಮುಚ್ಚುತ್ತದೆ. ಸಹೋದ್ಯೋಗಿಯೊಬ್ಬರು ಮಾಲೀಕರಿಗೆ ಟಿಪ್ಪಣಿ ಸಿದ್ಧಪಡಿಸಿದರು. ಹಡಗು ಬಂದ ತಾರೀಖು, ಆಮದಿನ ವಿವರ ಕೊಡುವ ಬಿಲ್ ಆಫ್ ಎಂಟ್ರಿ ಸಲ್ಲಿಸಿದ ತಾರೀಖು, ಕಸ್ಟಮ್ಸ್‌ನವರು ಎತ್ತಿದ ಆಕ್ಷೇಪ, ಅದಕ್ಕೆ ಕೊಟ್ಟ ಉತ್ತರ, ಎಲ್ಲವೂ ನಡೆದ ಕ್ರಮದಲ್ಲೇ ಇತ್ತು. ಒಂದು ವಿವರವೂ ತಪ್ಪಿರಲಿಲ್ಲ. ಅಣ್ಣ ಅದನ್ನು ಕೈಗೆ ತೆಗೆದುಕೊಂಡು, ಮೊದಲ ಎರಡು ಸಾಲು ಬಿಟ್ಟು ಉಳಿದದ್ದನ್ನೆಲ್ಲ ಅಂಗೈಯಿಂದ ಮುಚ್ಚಿ ನಮ್ಮ ಕಡೆ ಹಿಡಿದರು. "ಇಷ್ಟನ್ನೇ ಓದಿ ಮಾಲೀಕರು ಏನು ಮಾಡಬೇಕು, ಹೇಳಿ?" ಕಾಣುತ್ತಿದ್ದದ್ದು ಹಡಗಿನ ಹೆಸರು ಮತ್ತು ಅದು ಬಂದ ದಿನ. ಅವರು ಬೇರೆ ಹಾಳೆ ತೆಗೆದು ತಾವೇ ಬರೆದರು: ಇಂದು ಒಂದು ಗಂಟೆಯೊಳಗೆ ಜೊತೆಗಿರುವ ಚೆಕ್ಕಿಗೆ ಸಹಿ ಬೇಕು, ತಪ್ಪಿದರೆ ನಾಳೆಯಿಂದ ಡೆಮರೇಜ್ ಬೀಳುತ್ತದೆ, ಕಾರಣ ಕೆಳಗಿದೆ. ಅದರ ಕೆಳಗೆ ಸಹೋದ್ಯೋಗಿಯ ಟಿಪ್ಪಣಿಯನ್ನು ಹಾಗೆಯೇ ಲಗತ್ತಿಸಿದರು. ಒಂದು ಪದವನ್ನೂ ಹೊಡೆದುಹಾಕಲಿಲ್ಲ. ಮಾಲೀಕರು ಊಟಕ್ಕೆ ಹೊರಟವರು, ಬಾಗಿಲ ಬಳಿ ನಿಂತುಕೊಂಡೇ ಓದಿ, ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿದರು.

"ಓದುವವರು ಕುಳಿತು ಓದುತ್ತಾರೆ ಎಂದುಕೊಂಡು ಬರೆಯಬೇಡ ಮಾರಾಯ್ತಿ, ನಿಂತು ಓದುತ್ತಾರೆ" ಎಂದು ಅವರು ಆಮೇಲೆ ನನಗೆ ಹೇಳಿದರು. ಹೋಟೆಲಿನ ಮಾಣಿ ಅಡುಗೆಮನೆಗೆ ಕೂಗುವಾಗ ಗಿರಾಕಿ ಯಾವ ಊರಿನಿಂದ ಬಂದ, ಎಷ್ಟು ಹಸಿದಿದ್ದಾನೆ ಎಂದೆಲ್ಲ ಹೇಳುವುದಿಲ್ಲ, ಯಾವ ಮೇಜಿಗೆ ಏನು ಎಂದಷ್ಟೇ ಕೂಗುತ್ತಾನೆ ಎಂಬುದು ಅವರ ಉದಾಹರಣೆ. ಆ ಮಾತಿಗಿಂತ ಹೆಚ್ಚಾಗಿ ನನ್ನಲ್ಲಿ ಉಳಿದದ್ದು ಅವರು ಸಹೋದ್ಯೋಗಿಯ ಬರಹವನ್ನು ಉಳಿಸಿಕೊಂಡ ರೀತಿ. ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುವುದು ತಪ್ಪಲ್ಲ. ನಾಳೆ ಗ್ರಾಹಕರೊಂದಿಗೆ ಜಗಳವಾದರೆ ಅದೇ ಕಾಗದ ಆಧಾರ. ಆದರೆ ಬರೆಯುವವನು ವಿಷಯವನ್ನು ತಿಳಿದುಕೊಂಡ ಕ್ರಮ ಬೇರೆ, ಓದುವವನು ಕೆಲಸ ಮಾಡಬೇಕಾದ ಕ್ರಮ ಬೇರೆ. ಒಂದೇ ಹಾಳೆಯಲ್ಲಿ ಎರಡಕ್ಕೂ ಜಾಗವಿದೆ, ಎರಡನೆಯದು ಮೇಲಿರಬೇಕು.

ಮೂರು ಭಾಷೆ ದಾಟಬೇಕಾದ ವಾಕ್ಯ

ಬಲ್ಲಾರ್ಡ್ ಎಸ್ಟೇಟಿನಲ್ಲಿ ಓದುಗ ಒಬ್ಬನೇ, ಅವನಿಗೆ ಇಂಗ್ಲಿಷ್ ಬರುತ್ತಿತ್ತು. ತುರ್ಭೆಯ ಗೋದಾಮಿಗೆ ಬಂದ ಮೇಲೆ ಆ ಪಾಠ ಸಾಲದು ಎಂದು ಅರಿವಾಯಿತು. ಇಲ್ಲಿ ಇಂಗ್ಲಿಷಿನಲ್ಲಿ ಹೊರಡುವ ಮೆಮೊ ಕಾರ್ಮಿಕನ ಕಿವಿಗೆ ಬೀಳುವ ಮೊದಲು ಎರಡು ಮೂರು ಬಾಯಿ ದಾಟುತ್ತದೆ. ಮೇಲ್ವಿಚಾರಕ ಅದನ್ನು ಹಿಂದಿಯಲ್ಲಿ ಹೇಳುತ್ತಾನೆ, ಮುಕಾದಮ ತನ್ನ ಟೋಳಿಗೆ ಮರಾಠಿಯಲ್ಲಿ ಹೇಳುತ್ತಾನೆ, ವಿಜಯಪುರ, ಕಲಬುರಗಿ ಕಡೆಯವರು ತಮ್ಮೊಳಗೆ ಕನ್ನಡದಲ್ಲಿ ಹೇಳಿಕೊಳ್ಳುತ್ತಾರೆ.

ದಾಸ್ತಾನು ಎಣಿಕೆಗೆಂದು ರಾತ್ರಿ ಪಾಳಿಯಲ್ಲಿ ಉಳಿದಿದ್ದ ಒಂದು ದಿನ ಇದನ್ನು ಹತ್ತಿರದಿಂದ ಕಂಡೆ. ಮುಖ್ಯ ಕಚೇರಿಯಿಂದ ಪೆಟ್ಟಿಗೆಗಳನ್ನು ಪೇರಿಸುವ ಎತ್ತರದ ಬಗ್ಗೆ ಮೆಮೊ ಬಂದಿತ್ತು. ನಿಗದಿತ ಮಿತಿಯನ್ನು ಮೀರಿದ ಪೇರಿಕೆಯು ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿಯಿಲ್ಲದೆ ಮುಂದುವರಿಯದಂತೆ ಸಂಬಂಧಪಟ್ಟವರೆಲ್ಲರೂ ಖಾತರಿಪಡಿಸಿಕೊಳ್ಳತಕ್ಕದ್ದು ಎಂಬುದು ಅದರ ಸಾರ. ಪಾಳಿಯ ಮೇಲ್ವಿಚಾರಕ ಇಂಡಿ ತಾಲ್ಲೂಕಿನವನು, ಹೆಚ್ಚು ಮಾತನಾಡುವವನಲ್ಲ. ಕಾಗದವನ್ನು ದೀಪದ ಕೆಳಗೆ ಹಿಡಿದು ಎರಡು ಸಲ ಓದಿದ. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾವರೆ, ಮಿತಿ ಎಷ್ಟು ಎಂದು ಇದರಲ್ಲಿ ಇಲ್ಲವಲ್ಲ" ಎಂದ. ನಿಜವಾಗಿಯೂ ಇರಲಿಲ್ಲ. ಅವನೇ ಹೋಗಿ ಪೆಟ್ಟಿಗೆಯ ಮೇಲೆ ಮುದ್ರಿಸಿದ್ದ ಗುರುತನ್ನು ನೋಡಿ ಬಂದ. ಟೋಳಿಯನ್ನು ಕರೆದು ಹಿಂದಿಯಲ್ಲಿ ಹೇಳಿದ, ಅದನ್ನೇ ಮರಾಠಿಯಲ್ಲಿ ಹೇಳಿದ, ಕೊನೆಗೆ ನಮ್ಮವರಿಗೆ ಕನ್ನಡದಲ್ಲಿ: "ಐದು ಸಾಲಿನ ಮೇಲೆ ಪೆಟ್ಟಿಗೆ ಏರಿಸಬೇಡಿ. ಈಗಾಗಲೇ ಏರಿದ್ದು ಕಂಡರೆ ಮುಟ್ಟಬೇಡಿ, ನನ್ನನ್ನು ಕರೆಯಿರಿ." ಮೂರು ಭಾಷೆಯಲ್ಲೂ ಅದೇ ಮಾತು, ಅಷ್ಟೇ ಉದ್ದ. ನಾನು ಕೇಳುತ್ತಾ ನಿಂತಿದ್ದೆ. ಮುಖ್ಯ ಕಚೇರಿಯ ಮೆಮೊದಲ್ಲಿ ಇರಬೇಕಾಗಿದ್ದ ಎಲ್ಲವೂ ಅವನ ಎರಡು ವಾಕ್ಯಗಳಲ್ಲಿತ್ತು. ಅದಕ್ಕಿಂತ ಹೆಚ್ಚಿನದೂ ಇತ್ತು. ಏರಿದ್ದನ್ನು ಅವಸರದಲ್ಲಿ ಇಳಿಸಲು ಹೋದರೆ ಮೇಲೆ ಬೀಳುತ್ತದೆ ಎಂಬುದು ಗೋದಾಮಿನಲ್ಲಿ ನಿಂತವನಿಗೆ ಮಾತ್ರ ಹೊಳೆಯುವ ಸಂಗತಿ.

ಕಾರ್ಖಾನೆಗಳ ಸ್ಥಾಯಿ ಆದೇಶಗಳ, ಅಂದರೆ ಕೆಲಸದ ನಿಯಮಗಳ, ಬಗೆಗಿನ 1946ರ ಕಾಯ್ದೆಯಲ್ಲಿ ಒಂದು ಸೊಗಸಾದ ನಿಯಮವಿತ್ತು. ಪ್ರಮಾಣೀಕೃತ ಆದೇಶಗಳನ್ನು ಇಂಗ್ಲಿಷಿನಲ್ಲಿಯೂ, ಬಹುಪಾಲು ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿಯೂ, ಕಾರ್ಮಿಕರು ಒಳಬರುವ ಬಾಗಿಲಿನ ಹತ್ತಿರ ಫಲಕದ ಮೇಲೆ ಹಾಕಬೇಕು. ಸ್ವಾತಂತ್ರ್ಯ ಬರುವ ಮೊದಲೇ ಕಾನೂನಿಗೆ ಹೊಳೆದಿದ್ದ ಈ ಸರಳ ಸತ್ಯ ಇಂದಿನ ಎಷ್ಟೋ ಆಡಳಿತ ವಿಭಾಗಗಳಿಗೆ ಹೊಳೆಯುವುದಿಲ್ಲ ಎಂಬುದು ನನಗೆ ನೋವಿನ ವಿಷಯ. ಕಾರ್ಮಿಕನಿಗೆ ಅರ್ಥವಾಗದ ಕಾಗದವನ್ನು ಗೋಡೆಗೆ ಅಂಟಿಸಿ, ಅವಘಡವಾದ ಮೇಲೆ ಅದೇ ಕಾಗದವನ್ನು ತೋರಿಸಿ ನಿನಗೆ ಮೊದಲೇ ತಿಳಿಸಿತ್ತಲ್ಲ ಎನ್ನುವುದು ಅನ್ಯಾಯ.

ಅಂದಿನಿಂದ ನಾನು ಮೆಮೊ ಸಿದ್ಧವಾದ ಮೇಲೆ, ಕಳುಹಿಸುವ ಮೊದಲು, ಆ ಮೇಲ್ವಿಚಾರಕನಿಗೆ ಫೋನ್ ಮಾಡಿ ಓದಿ ಹೇಳುತ್ತೇನೆ. ನನ್ನ ವಾಕ್ಯವನ್ನು ಅವನು ಹಿಂದಿಯಲ್ಲಿ ತಿರುಗಿಸಿ ಹೇಳಬೇಕು. ಅವನು ಎಲ್ಲಿ ತಡವರಿಸುತ್ತಾನೋ ಅಲ್ಲಿ ವಾಕ್ಯ ಕೆಟ್ಟಿರುತ್ತದೆ. ಹೆಚ್ಚಾಗಿ ಅಲ್ಲಿ ಕೆಲಸ ಮಾಡುವವನು ಯಾರೆಂಬುದು ಬಿಟ್ಟುಹೋಗಿರುತ್ತದೆ, ಇಲ್ಲವೇ ಎರಡು ನಿಷೇಧಗಳು ಒಂದರ ಮೇಲೊಂದು ಕುಳಿತಿರುತ್ತವೆ, ಇಲ್ಲವೇ ತಾರೀಖಿರಬೇಕಾದ ಕಡೆ 'ಶೀಘ್ರದಲ್ಲಿ' ಇರುತ್ತದೆ. ತಾರೀಖಿನೊಂದಿಗೆ ವಾರದ ಹೆಸರನ್ನೂ ಬರೆಯಬೇಕೆಂದು ಹೇಳಿದವನೂ ಅವನೇ. ಪಾಳಿಯವರು ದಿನವನ್ನು ನೆನಪಿಡುವುದು ವಾರದಿಂದ, ತಾರೀಖಿನಿಂದಲ್ಲ.

ಉದ್ದದ ಮಾತು

ಇಷ್ಟು ಓದಿದವರಿಗೆ, ಮೆಮೊ ಚಿಕ್ಕದಾಗಿರಬೇಕು ಎಂಬುದೇ ನನ್ನ ವಾದ ಎನ್ನಿಸಬಹುದು. ಹಾಗೆ ಹೇಳಿದವರಲ್ಲಿ ಪ್ರಸಿದ್ಧರು ವಿನ್‌ಸ್ಟನ್ ಚರ್ಚಿಲ್. 1940ರ ಆಗಸ್ಟ್ 9ರಂದು, ಬ್ರಿಟನ್ನಿನ ಆಕಾಶದಲ್ಲಿ ಯುದ್ಧ ನಡೆಯುತ್ತಿದ್ದಾಗ, ಸಂಕ್ಷಿಪ್ತತೆಯ ಬಗ್ಗೆಯೇ ಒಂದು ಮೆಮೊ ಹೊರಡಿಸಿದರು. ನಾವು ಓದಬೇಕಾದ ಕಾಗದಗಳೆಲ್ಲ ಅತಿ ಉದ್ದವಾಗಿವೆ, ಮುಖ್ಯ ಅಂಶಗಳನ್ನು ಚಿಕ್ಕ ಪ್ಯಾರಾಗಳಲ್ಲಿ ಕೊಡಿ, ಅಂಕಿಅಂಶ ಮತ್ತು ವಿಶ್ಲೇಷಣೆಯನ್ನು ಅನುಬಂಧಕ್ಕೆ ಹಾಕಿ, ಜೊಳ್ಳು ಪದಗುಚ್ಛಗಳನ್ನು ಬಿಡಿ ಎಂಬುದು ಅದರ ತಿರುಳು. ಅಣ್ಣ ಹಾಳೆ ಲಗತ್ತಿಸಿದ್ದೂ ಇದೇ ರೀತಿ. ಆದರೆ ಇನ್ನೊಂದು ಬಗೆಯ ಮೆಮೊ ಇದೆ, ಅದನ್ನು ಚಿಕ್ಕದು ಮಾಡಿದರೆ ಕೆಡುತ್ತದೆ. 1931ರ ಮೇ 13ರಂದು ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯ ತರುಣ ಉದ್ಯೋಗಿ ನೀಲ್ ಮೆಕ್‌ಎಲ್ರಾಯ್ ತನ್ನ ವಿಭಾಗಕ್ಕೆ ಇನ್ನಿಬ್ಬರು ಬೇಕೆಂದು ಕೇಳಲು ಮೂರು ಪುಟ ಬರೆದ. ಒಂದು ಪುಟ ಮೀರಬಾರದೆಂಬ ಸಂಪ್ರದಾಯವಿದ್ದ ಕಂಪನಿ ಅದು. ಆದರೆ ಒಂದೊಂದು ಬ್ರ್ಯಾಂಡಿನ ಹೊಣೆಯನ್ನೂ ಒಬ್ಬೊಬ್ಬ ವ್ಯಕ್ತಿಗೆ ಒಪ್ಪಿಸಿದರೆ ಅವನು ದಿನವೂ ಏನು ಮಾಡಬೇಕಾಗುತ್ತದೆ ಎಂಬುದನ್ನು ಮೆಕ್‌ಎಲ್ರಾಯ್ ಬಿಡಿಸಿ ಹೇಳಲೇಬೇಕಿತ್ತು. ಇಂದಿಗೂ ಜಗತ್ತಿನ ಕಂಪನಿಗಳು ಬ್ರ್ಯಾಂಡ್ ನಿರ್ವಹಣೆ ಎಂದು ಕರೆಯುವ ಪದ್ಧತಿಯ ಬೇರು ಆ ಮೂರು ಪುಟಗಳಲ್ಲಿದೆ. ಅಮೆಜಾನ್‌ನ ಜೆಫ್ ಬೆಜೋಸ್ 2004ರ ಜೂನ್‌ನಲ್ಲಿ ತಮ್ಮ ಹಿರಿಯ ಅಧಿಕಾರಿಗಳ ಸಭೆಗಳಿಂದ ಪವರ್‌ಪಾಯಿಂಟ್ ತೆಗೆದುಹಾಕಿ, ಪೂರ್ಣ ವಾಕ್ಯಗಳ ಮೆಮೊ ತನ್ನಿ ಎಂದದ್ದೂ ಇದೇ ಕಾರಣಕ್ಕೆ. ಬಿಡಿ ಅಂಶಗಳ ನಡುವಿನ ಬಿರುಕುಗಳಲ್ಲಿ ಯೋಚಿಸದೆ ಉಳಿದದ್ದು ಅಡಗಿಕೊಳ್ಳುತ್ತದೆ. ವಾಕ್ಯ ಬರೆಯಹೊರಟರೆ ಅದು ಹೊರಗೆ ಬೀಳುತ್ತದೆ.

ಹಾಗಾಗಿ ಬರೆಯಲು ಕುಳಿತಾಗ ನಾನು ಮೊದಲು ತೀರ್ಮಾನಿಸುವುದು ಇದನ್ನು ಓದಿದವರು ಯೋಚಿಸಬೇಕೋ, ಎದ್ದು ಹೋಗಿ ಮಾಡಬೇಕೋ ಎಂಬುದನ್ನು. ಯೋಚಿಸಬೇಕಾದವರಿಗೆ ಆರು ಪುಟ ಕೊಟ್ಟರೂ ತಪ್ಪಿಲ್ಲ, ಅವರಿಗೆ ಕುರ್ಚಿಯಿದೆ, ಸಮಯವಿದೆ, ಅದಕ್ಕಾಗಿಯೇ ಸಂಬಳವೂ ಇದೆ. ನಮ್ಮ ಕಚೇರಿಗಳಲ್ಲಿ ನಡೆಯುತ್ತಿರುವುದು ತಲೆಕೆಳಗು. ಮೇಲಿನವರಿಗೆ ಐದು ಸಾಲಿನ ಸಾರಾಂಶ ಹೋಗುತ್ತದೆ, ನಿಂತು ಕೆಲಸ ಮಾಡುವವನ ಕೈಗೆ ಎರಡು ಪುಟದ ಗದ್ಯ ಬರುತ್ತದೆ.

ಎಲ್ಲವೂ ಇದ್ದ ಒಂದು ಮೆಮೊ

ಚೆನ್ನಾಗಿ ಬರೆದರೆ ಸಾಕು ಎಂಬ ನಂಬಿಕೆಯನ್ನು ನನ್ನಲ್ಲಿ ಅಲುಗಿಸಿದ್ದು 1985ರ ಜುಲೈ 31ರ ಒಂದು ಮೆಮೊ. ಬರೆದವರು ಅಮೆರಿಕದ ಮಾರ್ಟನ್ ಥಯೊಕಾಲ್ ಕಂಪನಿಯ ಎಂಜಿನಿಯರ್ ರೋಜರ್ ಬೋಯ್‌ಜೊಲಿ, ಬರೆದದ್ದು ತಮ್ಮ ಎಂಜಿನಿಯರಿಂಗ್ ವಿಭಾಗದ ಉಪಾಧ್ಯಕ್ಷರಿಗೆ. ಬಾಹ್ಯಾಕಾಶ ನೌಕೆಯ ಬೂಸ್ಟರ್ ರಾಕೆಟ್ಟಿನ ಕೀಲುಗಳಲ್ಲಿರುವ ಓ-ರಿಂಗ್ ಎಂಬ ರಬ್ಬರ್ ಬಳೆಗಳು ಸವೆಯುತ್ತಿವೆ ಎಂಬುದು ವಿಷಯ. ಸಮಸ್ಯೆಯ ಗಂಭೀರತೆ ಆಡಳಿತಕ್ಕೆ ಪೂರ್ತಿ ತಿಳಿಯಲೆಂದೇ ಬರೆಯುತ್ತಿದ್ದೇನೆ ಎಂದು ಮೊದಲ ವಾಕ್ಯದಲ್ಲೇ ಇದೆ. ಇದಕ್ಕೆಂದೇ ಒಂದು ತಂಡವನ್ನು ಕೂಡಲೇ ನೇಮಿಸಬೇಕು ಎಂಬ ಬೇಡಿಕೆಯಿದೆ. ಮಾಡದಿದ್ದರೆ ಮನುಷ್ಯರ ಪ್ರಾಣ ಹೋಗುತ್ತದೆ ಎಂದೂ ಬಿಚ್ಚಿ ಹೇಳಲಾಗಿದೆ. ಅದೇ ಅಕ್ಟೋಬರ್ 1ರಂದು ಅವರ ಸಹೋದ್ಯೋಗಿ ಬಾಬ್ ಎಬೆಲಿಂಗ್ ಬರೆದ ಮೆಮೊದ ಮೊದಲ ಪದವೇ 'ಸಹಾಯ ಮಾಡಿ' ಎಂಬ ಕೂಗು. ನೇಮಿಸಿದ ತಂಡಕ್ಕೆ ಕೆಲಸ ಮಾಡಲು ಎಲ್ಲ ಕಡೆಯಿಂದಲೂ ಅಡ್ಡಿಯಾಗುತ್ತಿತ್ತು. 1986ರ ಜನವರಿ 28ರ ಚಳಿಯ ಬೆಳಗಿನಲ್ಲಿ ಚಾಲೆಂಜರ್ ಎಂಬ ಬಾಹ್ಯಾಕಾಶ ನೌಕೆ ಹಾರಿ, ಒಂದು ನಿಮಿಷ ಕಳೆದು ಸ್ವಲ್ಪ ಹೊತ್ತಿಗೆ ಒಡೆದುಹೋಯಿತು. ಏಳು ಜನ ತೀರಿಕೊಂಡರು.

ಆ ಮೆಮೊವನ್ನು ನಾನು ಎಷ್ಟೋ ಸಲ ಓದಿದ್ದೇನೆ, ತಿದ್ದುವಂಥದ್ದು ಏನೂ ಕಾಣುವುದಿಲ್ಲ. ಯಾರು, ಏನು, ಯಾಕೆ, ಮಾಡದಿದ್ದರೆ ಏನಾಗುತ್ತದೆ, ಎಲ್ಲವೂ ಇದೆ. ಇಲ್ಲದ್ದು ಮೇಲಿನಿಂದ ಬರಬೇಕಾಗಿದ್ದ ಉತ್ತರ. ಆದ್ದರಿಂದ ಕೆಳಗಿನಿಂದ ಮೇಲಕ್ಕೆ ಹೋಗುವ ಮೆಮೊಗಳಲ್ಲಿ ನಮ್ಮ ಗೋದಾಮಿನಲ್ಲಿ ಒಂದು ಸಾಲು ಸೇರಿಸುವ ಪದ್ಧತಿ ಶುರು ಮಾಡಿದ್ದೇವೆ: ಇದಕ್ಕೆ ಯಾರು, ಯಾವ ದಿನದೊಳಗೆ ಬರೆದು ಉತ್ತರಿಸಬೇಕು. ಉತ್ತರ ಇಲ್ಲ ಎಂದಾದರೂ ಆಗಲಿ, ಬರಹದಲ್ಲಿ ಬರಬೇಕು. ಮೌಖಿಕವಾಗಿ ನೋಡೋಣ ಎಂದವರು ಆಮೇಲೆ ಸಿಗುವುದಿಲ್ಲ. ಸರ್ಕಾರಿ ಕಚೇರಿಗಳಲ್ಲಿ ದುಡಿಯುವ ಗೆಳೆಯರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು. 2005ರ ಮಾಹಿತಿ ಹಕ್ಕು ಕಾಯ್ದೆ ಮಾಹಿತಿ ಎಂದರೆ ಏನೆಂದು ವಿವರಿಸುವಾಗ ಮೆಮೊಗಳನ್ನೂ ಹೆಸರಿಸಿಯೇ ಸೇರಿಸಿದೆ. ಯಾರೋ ಒಬ್ಬರು ಮುಂದೊಂದು ದಿನ ತೆರೆದು ಓದಬಹುದು ಎಂಬ ಅರಿವು ಬರೆಯುವವರನ್ನೂ ಉತ್ತರಿಸುವವರನ್ನೂ ನೆಟ್ಟಗೆ ಕೂರಿಸುತ್ತದೆ.

ಈ ವಾರ ನನ್ನ ಮೇಜಿನ ಮೇಲಿರುವುದು ಪಾಳಿ ಬದಲಾವಣೆಯ ಮೆಮೊ. ಮುಂದಿನ ತಿಂಗಳಿನಿಂದ ಎರಡನೇ ಪಾಳಿ ಒಂದು ಗಂಟೆ ತಡವಾಗಿ ಮುಗಿಯುತ್ತದೆ. ಯಾವ ಸೋಮವಾರದಿಂದ, ಯಾವ ವಿಭಾಗದವರಿಗೆ, ಊಟದ ಬಿಡುವು ಎಷ್ಟಕ್ಕೆ ಎಂಬುದನ್ನೆಲ್ಲ ಬರೆದಾಗಿದೆ. ಆ ಹೊತ್ತಿನಲ್ಲಿ ತುರ್ಭೆ ಸ್ಟೇಷನ್ನಿಗೆ ಹೋಗುವ ಹೆಂಗಸರಿಗೆ ಗೋದಾಮಿನ ವಾಹನ ಸಿಗುತ್ತದೆಯೇ ಎಂಬುದು ಮಾತ್ರ ತೀರ್ಮಾನವಾಗಿಲ್ಲ. ಸಾರಿಗೆಯ ಬಗ್ಗೆ ಸೂಕ್ತ ವ್ಯವಸ್ಥೆ ಮಾಡಲಾಗುವುದು ಎಂದು ಬರೆದು ಕಳುಹಿಸಿ ಎಂದು ವ್ಯವಸ್ಥಾಪಕರು ಹೇಳಿದರು. ವಾಹನ ಎಷ್ಟು ಗಂಟೆಗೆ, ಯಾವ ಗೇಟಿನಿಂದ ಹೊರಡುತ್ತದೆ ಎಂದು ತಿಳಿಸಿದರೆ ಅದನ್ನೇ ಮೊದಲ ಸಾಲಿನಲ್ಲಿ ಬರೆಯುತ್ತೇನೆ ಸರ್, ಅಲ್ಲಿಯವರೆಗೆ ಇದಕ್ಕೆ ಸಹಿ ಹಾಕಲು ನನ್ನಿಂದಾಗದು ಎಂದು ಕರಡಿನ ಅಂಚಿನಲ್ಲಿ ಬರೆದು ವಾಪಸ್ ಕಳುಹಿಸಿದ್ದೇನೆ. ಗುರುವಾರದ ಸಭೆಯಲ್ಲಿ ಸಾರಿಗೆ ಗುತ್ತಿಗೆದಾರರನ್ನು ಕರೆಸಿ ಮಾತನಾಡುವುದಾಗಿ ಅವರು ಒಪ್ಪಿದ್ದಾರೆ.